ನಿಲ್ಲುವ ಜಾಗ

ಇವತ್ತು ನಾನು ಹೇಳಹೊರಟಿರುವುದು ಕಣ್ಣಿಗೆ ಸೇರಿದ ವಿಷಯ. ರೇಡಿಯೋದಲ್ಲೋ ಕಿವಿಗಷ್ಟೇ ಕೆಲಸ. ಹಾಗಾಗಿ ನಿಮ್ಮ ಸಹಾಯ ಬೇಕು. ನಾನು ಹೇಳುತ್ತಾ ಹೋಗುತ್ತೇನೆ, ನೀವು ಮನಸ್ಸಿನಲ್ಲೇ ಕಟ್ಟುತ್ತಾ ಬನ್ನಿ. ಬೇಕಾದರೆ ಕಣ್ಣು ಮುಚ್ಚಿಕೊಳ್ಳಿ. ಒಲೆಯ ಮೇಲೆ ಹಾಲಿಟ್ಟವರು ಮಾತ್ರ ತೆರೆದೇ ಇರಿ.

ಮೊದಲು ನಮ್ಮೂರ ಜಾತ್ರೆಗೆ ಹೋಗೋಣ.

ತೇರಿನ ಬೀದಿ ಮುಗಿಯುವ ಕಡೆ ಒಂದು ಫೋಟೋ ಟೆಂಟು ಹಾಕುತ್ತಿದ್ದರು. ಒಳಗೆ ಒಂದು ವಿಮಾನ. ಹಲಗೆ ಕೊಯ್ದು ಬಣ್ಣ ಬಳಿದ ವಿಮಾನ. ಅದರ ಹಿಂದೆ ಒಂದು ಪರದೆ. ಪರದೆಯ ಮೇಲೆ ನೀಲಿ ಆಕಾಶ, ಎರಡು ಮೋಡ, ಕೆಳಗಡೆ ಮೂಲೆಯಲ್ಲಿ ತಾಜಮಹಲು. ವಿಮಾನದ ಕಿಟಕಿಗಳಲ್ಲಿ ಮುಖ ಇಟ್ಟು ನಿಲ್ಲಬೇಕು. ನನಗಾಗ ಏಳು ವರ್ಷ. ಅಪ್ಪ ಪೈಲಟ್ಟಿನ ಕಿಟಕಿಯಲ್ಲಿ. ಅಮ್ಮ ಅದರ ಹಿಂದಿನದರಲ್ಲಿ. ನಾನು ಬಾಲದ ಹತ್ತಿರ, ಸ್ಟೂಲು ಹತ್ತಿ. ಆ ಫೋಟೋ ಇವತ್ತಿಗೂ ಮನೆಯಲ್ಲಿದೆ.

ನಮ್ಮ ಸರದಿ ಬರುವ ಮೊದಲು ನಾನೊಂದು ಸಂಗತಿ ಕಂಡುಕೊಂಡೆ. ಕ್ಯಾಮೆರಾದ ಪಕ್ಕ ನಿಂತರೆ ಅದು ವಿಮಾನ. ಎರಡು ಹೆಜ್ಜೆ ಬಲಕ್ಕೆ ಸರಿದರೆ ವಿಮಾನದ ದಪ್ಪ ಅರ್ಧ ಅಂಗುಲ. ಇನ್ನೆರಡು ಹೆಜ್ಜೆ ಹೋದರೆ ಹಿಂದೆ ಊರೆಗೋಲು, ಗಂಟು ಹಾಕಿದ ಹಗ್ಗ, ಯಾರದೋ ಟಿಫನ್ ಕ್ಯಾರಿಯರ್. ತಿರುಗಿ ಮೊದಲಿನ ಜಾಗಕ್ಕೆ ಬಂದೆ. ಹಲಗೆ ಮತ್ತೆ ಹಾರತೊಡಗಿತು.

ಈ ಹೊತ್ತಿನ ನನ್ನ ಮಾತೆಲ್ಲ ಆ ನಾಲ್ಕು ಹೆಜ್ಜೆಯದ್ದು. ಚಿತ್ರ ನಮ್ಮನ್ನು ಎಲ್ಲಿ ನಿಲ್ಲಿಸುತ್ತದೆ? ಅಲ್ಲಿಂದ ಸರಿದರೆ ಏನು ಕಾಣುತ್ತದೆ? ಇಷ್ಟೇ ಪ್ರಶ್ನೆ.

ಚಿತ್ರವನ್ನು ಗೋಡೆಯಿಂದ ಇಳಿಸಿ, ಅದಕ್ಕೆ ಆಳ ಕೊಟ್ಟು, ನಿಜವಾದ ಜಾಗದಲ್ಲಿ ನಿಲ್ಲಿಸುವ ಒಂದು ಕಲೆಯಿದೆ. ಅದಕ್ಕೆ ಡಯೊರಾಮಾ ಎನ್ನುತ್ತಾರೆ. ಹಿಂದೆ ಬಣ್ಣದ ಪರದೆ. ಮುಂದೆ ಗೊಂಬೆಯೋ ಪ್ರಾಣಿಯೋ ಮನುಷ್ಯರೋ. ಸಾಮಾನು ಎಲ್ಲಿ ಮುಗಿದು ಪರದೆ ಎಲ್ಲಿ ಶುರುವಾಯಿತೆಂದು ಕಣ್ಣಿಗೆ ತಿಳಿಯಬಾರದು. ಅದೇ ಕೌಶಲ.

ಹೆಸರು ಪರದೇಶದ್ದು. ಆದರೆ ಕೆಲಸ ನಮಗೆ ಗೊತ್ತಿರುವುದೇ. ಮೈಸೂರು ದಸರೆಯಲ್ಲಿ ಲಾರಿಯ ಮೇಲೆ ಬರುತ್ತದಲ್ಲ, ಸ್ತಬ್ಧಚಿತ್ರ, ಅದು ಇದರ ತಂಗಿ. ಮನೆಯಲ್ಲಿ ನವರಾತ್ರಿಗೆ ಕೂರಿಸುವ ಗೊಂಬೆ ಇದರ ಅಕ್ಕ.

ನಮ್ಮಜ್ಜಿ ಗೊಂಬೆ ಕೂರಿಸುವುದನ್ನು ನೋಡಬೇಕಿತ್ತು. ಹಬ್ಬಕ್ಕೆ ವಾರ ಮುಂಚೆ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲುತ್ತಿದ್ದರು. ಹಬ್ಬದ ಹೊತ್ತಿಗೆ ಬೆರಳುದ್ದ ಪೈರು. ಅದು ಕಾಡು. ಕಾಡಿನ ನಡುವೆ ಅಪ್ಪ ಮುಖ ಕ್ಷೌರಕ್ಕೆ ಬಳಸುವ ಕನ್ನಡಿ. ಅದು ಕೆರೆ. ಕೆರೆಯಲ್ಲಿ ಎರಡು ಪ್ಲಾಸ್ಟಿಕ್ ಬಾತು. ಕನ್ನಡಿ ಇಟ್ಟ ಮೇಲೆ ಅಜ್ಜಿ ಅದರ ಸುತ್ತ ಮರಳು ಸುರಿಯುತ್ತಿದ್ದರು. ಬಹಳ ಹುಷಾರಾಗಿ, ಚಿಟಿಕೆ ಚಿಟಿಕೆಯಾಗಿ. ಯಾಕಜ್ಜಿ ಅಂದರೆ ಹೇಳುತ್ತಿದ್ದರು: "ಅಂಚು ಕಂಡ್ರೆ ಕನ್ನಡಿ ಕಣೋ, ಅಂಚು ಮುಚ್ಚಿದ್ರೆ ಕೆರೆ."

ಕಲಾಶಾಲೆಯಲ್ಲಿ ವರ್ಷಗಟ್ಟಲೆ ಓದಿದರೂ ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಡಯೊರಾಮಾ ಎಂದರೇನೆಂದು ಹೇಳಿಕೊಟ್ಟಿಲ್ಲ.

ಸರಿ. ಜಾತ್ರೆಯ ವಿಮಾನ ನೋಡಿದೆವು, ಅಜ್ಜಿಯ ಕೆರೆ ನೋಡಿದೆವು. ಎರಡರಲ್ಲೂ ಗುಟ್ಟು ಒಂದೇ. ನೋಡುವವರು ಒಂದು ಜಾಗದಲ್ಲಿ ನಿಲ್ಲಬೇಕು, ಅಂಚು ಮುಚ್ಚಿರಬೇಕು. ಈಗ ಈ ಹೆಸರು ಹುಟ್ಟಿದ ಊರಿಗೆ ಹೋಗೋಣ.

ಊರು ಪ್ಯಾರಿಸ್. ವರ್ಷ 1822. ಲೂಯಿ ಡಾಗೆರ್ ಎಂಬಾತ ನಾಟಕಗಳಿಗೆ ಪರದೆ ಬರೆಯುತ್ತಿದ್ದ ಕಲಾವಿದ. ಇನ್ನೊಬ್ಬ ಚಿತ್ರಕಾರ ಬೂತೋನ್ ಜೊತೆ ಸೇರಿ ಒಂದು ಕಟ್ಟಡ ಕಟ್ಟಿಸಿದ. ನಾಟಕವಿಲ್ಲ, ನಟರಿಲ್ಲ. ಬರೀ ಪರದೆ ನೋಡಲು ಟಿಕೆಟ್ಟು. ಆ ಜಾಗಕ್ಕೆ ಡಯೊರಾಮಾ ಎಂದು ಹೆಸರಿಟ್ಟರು.

ಪರದೆ ಎಷ್ಟು ದೊಡ್ಡದು? ಸುಮಾರು 70 ಅಡಿ ಅಗಲ, 45 ಅಡಿ ಎತ್ತರ. ನಾಲ್ಕು ಅಂತಸ್ತಿನ ಮನೆಯ ಮುಖಕ್ಕೆ ಹೊದಿಸಿದಂತೆ ಅಂದುಕೊಳ್ಳಿ. ತೆಳುವಾದ ಬಟ್ಟೆ. ಮುಂದೆಯೂ ಚಿತ್ರ, ಹಿಂದೆಯೂ ಚಿತ್ರ. ಮುಂದಿನಿಂದ ಬೆಳಕು ಬಿಟ್ಟರೆ ಹಗಲು. ಹಿಂದಿನಿಂದ ಬಿಟ್ಟರೆ ರಾತ್ರಿ. ಕಿಟಕಿಗಳಿಗೆ ಬಣ್ಣದ ತೆರೆಗಳು. ಅವನ್ನು ಹಗ್ಗದಿಂದ ಎಳೆದು ಇಳಿಸಿ ಬೆಳಕು ಬದಲಾಯಿಸುತ್ತಿದ್ದರು.

1834ರಲ್ಲಿ ಡಾಗೆರ್ ಒಂದು ಚರ್ಚಿನ ಒಳಾಂಗಣ ತೋರಿಸಿದ. ಮೊದಲು ಹಗಲು. ಖಾಲಿ ಕುರ್ಚಿಗಳು. ಮೆಲ್ಲಗೆ ಸಂಜೆ. ಆಮೇಲೆ ಕತ್ತಲು, ದೀಪ. ದೀಪ ಹತ್ತಿದ ಹಾಗೆ ಕುರ್ಚಿಗಳಲ್ಲಿ ಜನ ಕಾಣಿಸತೊಡಗಿದರು. ನಡುರಾತ್ರಿಯ ಪೂಜೆಗೆ ಬಂದವರು. ಚರ್ಚು ತುಂಬಿತು. ಮತ್ತೆ ಬೆಳಕು ಹರಿಯಿತು. ಕುರ್ಚಿಗಳು ಖಾಲಿ. ಯಾರೂ ಬಂದಿರಲಿಲ್ಲ, ಯಾರೂ ಹೋಗಿರಲಿಲ್ಲ. ಬಟ್ಟೆಯ ಹಿಂಬದಿಯಲ್ಲಿ ಬರೆದಿದ್ದ ಜನ ಅವರು.

ಇನ್ನೊಂದು ವಿಶೇಷ ಕೇಳಿ. ಒಂದು ಚಿತ್ರ ಮುಗಿದ ಮೇಲೆ ಪ್ರೇಕ್ಷಕರು ಎದ್ದು ಇನ್ನೊಂದು ಚಿತ್ರದ ಕಡೆ ಹೋಗಬೇಕಾಗಿರಲಿಲ್ಲ. ಅವರಿದ್ದ ಅಂಗಳವೇ ಮೆಲ್ಲಗೆ ತಿರುಗುತ್ತಿತ್ತು. ನೂರಾರು ಜನರನ್ನು ಹೊತ್ತು ತಿರುಗಿ ಮುಂದಿನ ಪರದೆಯ ಎದುರು ನಿಲ್ಲುತ್ತಿತ್ತು. ಅಂದರೆ ನೀವು ಎಲ್ಲಿ ನಿಂತು ನೋಡಬೇಕು ಎಂಬುದನ್ನೂ ಯಂತ್ರವೇ ನೋಡಿಕೊಳ್ಳುತ್ತಿತ್ತು. ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗುವ ಹುಡುಗರಿಗೆ ಅಲ್ಲಿ ಅವಕಾಶವಿಲ್ಲ.

ಆ ಕಟ್ಟಡ 1839ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದೇ ವರ್ಷ ಡಾಗೆರ್ ಬೇರೊಂದು ಕಾರಣಕ್ಕೆ ಜಗತ್ತಿಗೆಲ್ಲ ಗೊತ್ತಾದ. ತಾಮ್ರದ ತಗಡಿಗೆ ಬೆಳ್ಳಿ ಲೇಪಿಸಿ, ಅದರ ಮೇಲೆ ಬೆಳಕಿನಿಂದಲೇ ಚಿತ್ರ ಮೂಡಿಸುವ ವಿಧಾನ ಆತನದು. ಫೋಟೋ ಬಂತು. ಪರದೆ ಬರೆಯುತ್ತಿದ್ದವನ ಕೈಯಿಂದಲೇ ಫೋಟೋ ಬಂತು. ಇದನ್ನು ನೆನಪಿನಲ್ಲಿಡಿ. ಪರದೆ ಮತ್ತು ಫೋಟೋ ಒಂದೇ ಮನೆಯ ಮಕ್ಕಳು. ಜಾತ್ರೆಯ ಟೆಂಟಿನಲ್ಲಿ ಅವೆರಡೂ ಒಟ್ಟಿಗಿದ್ದದ್ದು ಆಕಸ್ಮಿಕವಲ್ಲ.

ಇಲ್ಲಿಯವರೆಗೆ ಡಯೊರಾಮಾ ಹುಟ್ಟಿದ ಕಥೆಯಾಯಿತು. ಅದು ನೋಡುವವರನ್ನು ಕಟ್ಟಿ ನಿಲ್ಲಿಸುವ ಕಲೆ ಎಂದೂ ಗೊತ್ತಾಯಿತು. ಇನ್ನು ನಮ್ಮ ಕಾಲಕ್ಕೆ, ನಮ್ಮ ನೆರೆಯ ಊರಿಗೆ ಬರೋಣ. ಊರು ಕೊಚ್ಚಿ. ವರ್ಷ 2014.

ಆ ವರ್ಷದ ಡಿಸೆಂಬರಿನಲ್ಲಿ ಕೊಚ್ಚಿ-ಮುಜಿರಿಸ್ ಬಿನಾಲೆಯ ಎರಡನೇ ಆವೃತ್ತಿ ಶುರುವಾಯಿತು. ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾಮೇಳ ಅದು. ಅಲ್ಲಿ ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅವರ ಒಂದು ಕೃತಿ ಇತ್ತು. ಹೆಸರು 'ವಾಸ್ಕೋ ಡ ಗಾಮನ ಆಗಮನ'. ಪೋರ್ಚುಗೀಸ ನಾವಿಕ ಗಾಮ ಕಲ್ಲಿಕೋಟೆಯ ಸಾಮೂದಿರಿ ಅರಸನ ಮುಂದೆ ನಿಂತ ಗಳಿಗೆ. ಅದರ ಒಂದು ದೊಡ್ಡ ಫೋಟೋ. ಫೋಟೋದಲ್ಲಿ ದರ್ಬಾರು. ದರ್ಬಾರಿನಲ್ಲಿ ವೇಷ ತೊಟ್ಟ ಮಂದಿ. ಕಲಾವಿದೆ ಫೋಟೋ ತೋರಿಸಿ ಸುಮ್ಮನಾಗಲಿಲ್ಲ. ಫೋಟೋ ತೆಗೆಯಲು ಕಟ್ಟಿದ್ದ ಪರದೆ, ದರ್ಬಾರಿನ ಸಾಮಾನು, ಎಲ್ಲವನ್ನೂ ತಂದು ನೋಡುಗರ ಮುಂದಿಟ್ಟರು.

ಅದೊಂದು ಡಯೊರಾಮಾ. ಆದರೆ ಅಂಚು ಮುಚ್ಚದ ಡಯೊರಾಮಾ.

ಇದು ಕಲಾವಿದೆಯ ಸ್ವಂತ ಕಲ್ಪನೆಯ ದೃಶ್ಯವಲ್ಲ. ಮೂಲ ಒಂದಿದೆ. 1898ರಲ್ಲಿ ಪೋರ್ಚುಗಲ್ಲಿನ ಚಿತ್ರಕಾರ ಜೋಸೆ ವೆಲೋಸೊ ಸಾಲ್ಗಾಡೊ ಬರೆದ ಎಣ್ಣೆಬಣ್ಣದ ಚಿತ್ರ ಅದು. ಮೂಲಚಿತ್ರ ಲಿಸ್ಬನ್ನಿನ ಭೂಗೋಳ ಸಂಘದಲ್ಲಿದೆ. ವರ್ಷವನ್ನು ಗಮನಿಸಿ. ಗಾಮ ಕಲ್ಲಿಕೋಟೆಯ ಕಡಲಿಗೆ ಬಂದದ್ದು 1498ರ ಮೇ ತಿಂಗಳಲ್ಲಿ. ಚಿತ್ರ ಬರೆದದ್ದು 1898ರಲ್ಲಿ. ಸರಿಯಾಗಿ 400 ವರ್ಷ ಕಳೆದ ಮೇಲೆ, ಆ ಸಮುದ್ರಯಾನದ ನೆನಪನ್ನು ದೇಶವೇ ಕೊಂಡಾಡುತ್ತಿದ್ದಾಗ.

ಅಂದರೆ ಅಲ್ಲಿದ್ದು ಕಂಡವರ ಕೈಯ ಚಿತ್ರವಲ್ಲ ಅದು. ಹಬ್ಬಕ್ಕೆ ಬರೆದ ಚಿತ್ರ. ಹಬ್ಬಕ್ಕೆ ಬರೆದ ಚಿತ್ರದಲ್ಲಿ ಮನೆಯ ಯಜಮಾನ ಚೆನ್ನಾಗಿಯೇ ಕಾಣಬೇಕು.

ಹಾಗಾದರೆ ಅಂದು ನಡೆದದ್ದೇನು? ಗಾಮನ ಜೊತೆ ಬಂದವನೊಬ್ಬ ಬರೆದಿಟ್ಟ ದಿನಚರಿ ಉಳಿದುಬಂದಿದೆ. ಅದರಲ್ಲಿ ಸೊಗಸಾದ ವಿವರಗಳಿವೆ. ಕೇಳಿ.

ಅರಸನನ್ನು ಕಾಣಲು ಹೋಗುವ ದಾರಿಯಲ್ಲಿ ಅವರನ್ನು ಒಂದು ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಅವರು ಅದನ್ನು ಚರ್ಚು ಎಂದುಕೊಂಡರು. ಮೊಣಕಾಲೂರಿ ಪ್ರಾರ್ಥಿಸಿದರು. ಗೋಡೆಯ ಮೇಲೆ ಬರೆದಿದ್ದ ದೇವರುಗಳನ್ನು ಸಂತರು ಎಂದುಕೊಂಡರು. ಈ ಸಂತರಿಗೆ ಕೋರೆಹಲ್ಲು, ನಾಲ್ಕೈದು ಕೈ ಎಂದು ದಿನಚರಿಯವನು ಬರೆದುಕೊಂಡ. ಅವನು ಸುಳ್ಳು ಹೇಳುತ್ತಿಲ್ಲ. ತಾನು ನಿಂತಿದ್ದ ಜಾಗದಿಂದ ಅವನಿಗೆ ಹಾಗೆ ಕಂಡಿತು.

ಅರಸ ಹಸಿರು ಮಖಮಲ್ಲಿನ ಹಾಸಿಗೆಯ ಮೇಲೆ ಒರಗಿದ್ದ. ಬಾಯಲ್ಲಿ ತಾಂಬೂಲ. ಪಕ್ಕದಲ್ಲಿ ಉಗಿಯಲು ಚಿನ್ನದ ಪಾತ್ರೆ.

ಇನ್ನು ಗಾಮ ಅರಸನಿಗೆಂದು ತಂದ ಉಡುಗೊರೆ. ಪಟ್ಟೆ ಬಟ್ಟೆ ಹನ್ನೆರಡು ತುಂಡು. ಕೆಂಪು ಕುಲಾವಿ ನಾಲ್ಕು. ಟೋಪಿ ಆರು. ಹವಳದ ಸರ ನಾಲ್ಕು. ಕೈ ತೊಳೆಯುವ ಬೋಗುಣಿ ಆರು. ಒಂದು ಪೆಟ್ಟಿಗೆ ಸಕ್ಕರೆ. ಎರಡು ಪೀಪಾಯಿ ಎಣ್ಣೆ, ಎರಡು ಪೀಪಾಯಿ ಜೇನು. ಅರಸನ ಅಧಿಕಾರಿಗಳು ಇದನ್ನು ನೋಡಿ ನಕ್ಕುಬಿಟ್ಟರು. ಮೆಕ್ಕಾದಿಂದ ಬರುವ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ, ಅರಸನಿಗೆ ಕೊಡುವುದಿದ್ದರೆ ಚಿನ್ನ ಕೊಡಿ ಎಂದರು. ಮರುದಿನ ಗಾಮನನ್ನು ಬಾಗಿಲಲ್ಲಿ ನಾಲ್ಕು ಗಂಟೆ ಕಾಯಿಸಿದರು.

ಮೆಣಸಿನ ರೇವಿಗೆ ಸಕ್ಕರೆ ಪೆಟ್ಟಿಗೆ ಹೊತ್ತು ತಂದ ಅತಿಥಿ. ಬಾಗಿಲಲ್ಲಿ ಕಾದು ಕಾಲು ನೋಯಿಸಿಕೊಂಡ ಅತಿಥಿ. ಲಿಸ್ಬನ್ನಿನ ಚಿತ್ರದಲ್ಲಿ ಇವನು ಸಿಗುವುದಿಲ್ಲ. ಅಲ್ಲಿ ಗಾಮ ತಲೆಯೆತ್ತಿ ನಿಂತ ವೀರ. ನೋಡುವವರಿಗೂ ಅವನ ಕಡೆಯೇ ಜಾಗ. ಬೋಗುಣಿಗಳು ಅಂಚಿನಾಚೆ ಉಳಿದವು.

ನಮ್ಮ ಕರಾವಳಿಯವರಿಗೆ ಈ ಗಾಮ ತೀರ ಪರಕೀಯನಲ್ಲ. 1498ರಲ್ಲೇ ಹಿಂದಿರುಗುವಾಗ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಹಡಗು ನಿಲ್ಲಿಸಿ ರಿಪೇರಿ ಮಾಡಿಕೊಂಡ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಹೆಸರಿಟ್ಟದ್ದೂ ಅವನೇ ಎಂಬ ಮಾತಿದೆ. ಕೊಚ್ಚಿಗಂತೂ ಇನ್ನೂ ಹತ್ತಿರದವನು. ಮೂರನೇ ಸಲ ಬಂದಾಗ, 1524ರಲ್ಲಿ, ಆತ ಸತ್ತದ್ದು ಕೊಚ್ಚಿಯಲ್ಲಿ. ಅಲ್ಲಿನ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲೇ ಮೊದಲು ಹೂತದ್ದು. ಮುಂದೆ ಅವಶೇಷವನ್ನು ಪೋರ್ಚುಗಲ್ಲಿಗೆ ಒಯ್ದರು.

ಅದೇ ಕೊಚ್ಚಿಯಲ್ಲಿ, ಸುಮಾರು 490 ವರ್ಷದ ನಂತರ, ಗಾಮ ಮತ್ತೆ ಎದ್ದು ನಿಂತ. ಈ ಸಲ ಗಾಮನ ಪಾತ್ರ ಮಾಡಿದವರು ಯಾರು ಗೊತ್ತೇ? ಸ್ವತಃ ಪುಷ್ಪಮಾಲಾ. ಗಡ್ಡ ಅಂಟಿಸಿಕೊಂಡು, ಪೋರ್ಚುಗೀಸ ನಾವಿಕನ ದಿರಿಸು ತೊಟ್ಟು, ಬೆಂಗಳೂರಿನ ಒಬ್ಬ ಹೆಣ್ಣುಮಗಳು.

ಸ್ವಲ್ಪ ನಿಂತು ಹಿಂದೆ ನೋಡೋಣ. 1498ರಲ್ಲಿ ಒಂದು ಭೇಟಿ ನಡೆಯಿತು. 1898ರಲ್ಲಿ ಅದರ ಹಬ್ಬದ ಚಿತ್ರ ಬಂತು. 2014ರಲ್ಲಿ ಆ ಚಿತ್ರವನ್ನೇ ಪರದೆ ಕಟ್ಟಿ ಮತ್ತೆ ಆಡಲಾಯಿತು. ಇದನ್ನು ಆಡಿದ ಕಲಾವಿದೆ ಯಾರು, ಈ ದಾರಿಗೆ ಹೇಗೆ ಬಂದರು ಎಂಬುದು ಈಗಿನ ಮಾತು.

ಪುಷ್ಪಮಾಲಾ ಹುಟ್ಟಿದ್ದು 1956ರಲ್ಲಿ, ಬೆಂಗಳೂರಿನಲ್ಲಿ. ಬರೋಡಾದಲ್ಲಿ ಶಿಲ್ಪಕಲೆ ಕಲಿತವರು. ಶಿಲ್ಪಿಯಾಗಿ ರಾಷ್ಟ್ರಪ್ರಶಸ್ತಿ ಪಡೆದವರು. 90ರ ದಶಕದ ನಡುವಿನಲ್ಲಿ ಮಣ್ಣು ಬಿಟ್ಟು ಕ್ಯಾಮೆರಾದ ಕಡೆ ಬಂದರು. ಆದರೆ ಕ್ಯಾಮೆರಾದ ಹಿಂದೆ ನಿಲ್ಲಲಿಲ್ಲ, ಮುಂದೆ ನಿಂತರು. ಒಂದೊಂದು ಫೋಟೋಗೂ ಒಂದೊಂದು ವೇಷ, ಒಂದೊಂದು ಪರದೆ. ಇದನ್ನು ಫೋಟೋ ಪರ್ಫಾರ್ಮೆನ್ಸ್ ಎನ್ನುತ್ತಾರೆ. ಕ್ಯಾಮೆರಾಗೆಂದು ಆಡಿದ ನಾಟಕ ಅಂದುಕೊಳ್ಳಿ. ಒಂದೇ ಕ್ಷಣದ ನಾಟಕ.

2000ದಿಂದ 2004ರವರೆಗೆ, ಬೆಂಗಳೂರಿನಲ್ಲೇ ನೆಲೆಸಿದ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ ಒಂದು ದೊಡ್ಡ ಸರಣಿ ಮಾಡಿದರು. 'ದಕ್ಷಿಣ ಭಾರತದ ನೇಟಿವ್ ಹೆಂಗಸರು: ರೀತಿ ನೀತಿ' ಎಂಬ ಅರ್ಥದ ಹೆಸರು. ಬ್ರಿಟಿಷರ ಕಾಲದಲ್ಲಿ ಇಂಥ ಹೆಸರಿನ ದಪ್ಪ ಪುಸ್ತಕಗಳು ಬರುತ್ತಿದ್ದವು. ಆ ಧಾಟಿಯನ್ನೇ ಹಿಡಿದು ಎಳೆದ ಹೆಸರಿದು. ಸರಣಿಯ ತಳಹದಿ ಹತ್ತು ಹೆಂಗಸರ ಹತ್ತು ಚಿತ್ರಗಳು. ಎಲ್ಲವೂ ಎಲ್ಲೋ ಈಗಾಗಲೇ ಇದ್ದ ಚಿತ್ರಗಳೇ. ಒಂದು ರವಿವರ್ಮನ ಕ್ಯಾನ್ವಾಸಿನಿಂದ, ಒಂದು ಪತ್ರಿಕೆಯ ಸುದ್ದಿಚಿತ್ರದಿಂದ, ಒಂದು ತಮಿಳು ಸಿನಿಮಾದ ಸ್ಟಿಲ್ಲಿನಿಂದ. ಹತ್ತೂ ಪಾತ್ರ ಪುಷ್ಪಮಾಲಾ ಅವರದೇ.

ಮೂರನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ಲಕ್ಷ್ಮಿ. ಇವಳನ್ನು ವರ್ಣಿಸುವ ಅಗತ್ಯವೇ ಇಲ್ಲ. ತಲೆಯೆತ್ತಿ ನಿಮ್ಮ ಅಂಗಡಿಯ ಗೋಡೆಯನ್ನೋ ದೇವರ ಮನೆಯನ್ನೋ ನೋಡಿ. ತಾವರೆಯ ಮೇಲೆ ನಿಂತು, ನಾಲ್ಕು ಕೈಯವಳಾಗಿ, ರೇಷ್ಮೆ ಸೀರೆಯುಟ್ಟು ನೋಡುತ್ತಿದ್ದಾಳಲ್ಲ, ಅವಳೇ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯ ಘಾಟ್ಕೋಪರಿನಲ್ಲಿ ಮುದ್ರಣಾಲಯ ತೆಗೆದ. ಅಲ್ಲಿಂದ ಈ ಲಕ್ಷ್ಮಿ ಮನೆಮನೆಗೆ ಬಂದಳು. ಅದಕ್ಕೂ ಮುಂಚೆ ಲಕ್ಷ್ಮಿ ಕಲಶದಲ್ಲಿದ್ದಳು, ಅರಿಸಿನದಲ್ಲಿದ್ದಳು, ಕಲ್ಲಿನಲ್ಲಿದ್ದಳು. ಈ ಮುಖ, ಈ ಸೀರೆ ಬಂದದ್ದು ಆಮೇಲೆ. ಪುಷ್ಪಮಾಲಾ ಈ ಲಕ್ಷ್ಮಿಯಾಗಿ ನಿಂತಾಗ ಅವಳು ತಾವರೆ ಹಿಡಿದು ಸಮನಾಗಿ ನಿಲ್ಲಬೇಕಾದ ಒಬ್ಬ ಹೆಂಗಸು. ಕೈ ನೋಯುವ ಹೆಂಗಸು. ಅದು ತಿಳಿದರೂ ಭಕ್ತಿಗೆ ಕುಂದಿಲ್ಲ. ಆದರೆ ಚಿತ್ರವನ್ನು ಯಾರೋ ಕೂತು ಮಾಡಿದರು ಎಂಬುದು ನೆನಪಾಗುತ್ತದೆ.

ಎರಡನೆಯದು ಯೋಗಿನಿ. ಮೂಲ ಬಿಜಾಪುರದ ಕಿರುಚಿತ್ರ. ಆದಿಲ್‌ಶಾಹಿ ಕಾಲದ್ದು, 400 ವರ್ಷಕ್ಕೂ ಹಳೆಯದು. ಬಿಜಾಪುರದ ಇಂಥ ಯೋಗಿನಿ ಚಿತ್ರಗಳಲ್ಲಿ ಬಹಳ ಹೆಸರಾದ ಒಂದು ಈಗ ಐರ್ಲೆಂಡಿನ ಡಬ್ಲಿನ್ನಿನಲ್ಲಿದೆ. ನಮ್ಮ ನೆಲದ ಚಿತ್ರವನ್ನು ನೋಡಲು ನಾವು ವೀಸಾ ಮಾಡಿಸಬೇಕು. ಬೆಂಗಳೂರಿನಲ್ಲಿ ಪರದೆ ಕಟ್ಟಿ ಯೋಗಿನಿಯನ್ನು ಮತ್ತೆ ನಿಲ್ಲಿಸಿದ್ದಕ್ಕೆ ಹೀಗೂ ಒಂದು ಅರ್ಥ ಬರುತ್ತದೆ. ಹೋದವಳನ್ನು ವೇಷದಲ್ಲಾದರೂ ಮನೆಗೆ ಕರೆದುಕೊಂಡು ಬಂದಂತೆ.

ಮೂರನೆಯದು ನಗು ತರಿಸುವುದಿಲ್ಲ. ನೀಲಗಿರಿಯ ತೋಡ ಹೆಂಗಸು. ಹಿಂದೆ ಚೌಕುಳಿ ಪರದೆ. 1869ರಲ್ಲಿ ಲಂಡನ್ನಿನಲ್ಲಿ ಲ್ಯಾಂಪ್ರಿ ಎಂಬಾತ ಒಂದು ಉಪಾಯ ಹೂಡಿದ್ದ. ಮರದ ಚೌಕಟ್ಟಿಗೆ ರೇಷ್ಮೆ ದಾರ ಬಿಗಿದು ಎರಡೆರಡು ಅಂಗುಲದ ಚೌಕ ಮಾಡುವುದು. ಅದರ ಮುಂದೆ ಮನುಷ್ಯರನ್ನು ನಿಲ್ಲಿಸಿ ಫೋಟೋ ತೆಗೆಯುವುದು. ಆಗ ಯಾರ ತೋಳು ಎಷ್ಟುದ್ದ, ಯಾರ ತಲೆ ಎಷ್ಟಗಲ ಎಂದು ಲೆಕ್ಕ ಹಾಕಬಹುದು. ವಸಾಹತುಗಳ ಜನರನ್ನು ಹೀಗೆ ಅಳೆದರು. ನಮ್ಮ ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುತ್ತಾರಲ್ಲ, ಹಾಗೆ.

ಈ ಚೌಕುಳಿ ಪರದೆಯೂ ಪರದೆಯೇ. ತಾಜಮಹಲಿನ ಪರದೆ ನಮ್ಮನ್ನು ಆಗ್ರಾದಲ್ಲಿ ನಿಲ್ಲಿಸಿತು. ಚೌಕುಳಿ ಪರದೆ ಆ ಹೆಂಗಸನ್ನು ಅಳತೆಪಟ್ಟಿಯಲ್ಲಿ ನಿಲ್ಲಿಸಿತು. ಪರದೆ ಬರೀ ಅಲಂಕಾರ ಎನ್ನುವವರು ಇದನ್ನು ನೋಡಬೇಕು.

ಈ ಸರಣಿಯಲ್ಲಿ ನಾಲ್ಕು ಭಾಗಗಳಿದ್ದವು. ಕೊನೆಯ ಭಾಗ ನನ್ನ ಇವತ್ತಿನ ಮಾತಿಗೆ ಬಹಳ ಮುಖ್ಯ. ಅದರಲ್ಲಿ ಕಾಣುವುದು ಆ ಫೋಟೋಗಳನ್ನು ಮಾಡಿದ ಬಗೆ. ಸೆಟ್ ಏಳುತ್ತಿರುವುದು, ಬಣ್ಣ ಹಚ್ಚುತ್ತಿರುವುದು, ವೇಷ ಅರ್ಧ ಆಗಿರುವುದು. ಸಾಮಾನ್ಯವಾಗಿ ಕಸದ ಬುಟ್ಟಿಗೆ ಹೋಗುವ ಅಥವಾ ಟ್ರಂಕಿನಲ್ಲಿ ಉಳಿಯುವ ಫೋಟೋಗಳು. ಅವನ್ನೂ ಚೌಕಟ್ಟು ಹಾಕಿ ಗೋಡೆಗೆ ಏರಿಸಿದರು. ಅಂದರೆ ವಿಮಾನವನ್ನೂ ತೋರಿಸಿದರು, ಹಿಂದಿನ ಊರೆಗೋಲನ್ನೂ ತೋರಿಸಿದರು.

ಕೇಳುಗರೇ, ಲಕ್ಷ್ಮಿ, ಯೋಗಿನಿ, ತೋಡ ಹೆಂಗಸು, ಮೂವರನ್ನೂ ನೋಡಿದೆವು. ಮೂರರಲ್ಲೂ ಕಲಾವಿದೆ ಹಳೆಯ ಚಿತ್ರದೊಳಗೆ ಹೊಕ್ಕು ನಿಂತು, ಅದರ ಹಿಂಬದಿಯನ್ನೂ ತೆರೆದಿಟ್ಟರು. ಈ ತಿಳಿವಳಿಕೆ ಹಿಡಿದುಕೊಂಡು ಮತ್ತೊಮ್ಮೆ ಕೊಚ್ಚಿಗೆ ಹೋಗೋಣ.

ಗಾಮನ ಫೋಟೋ ಎದುರು ನಿಂತಿದ್ದೀರಿ ಎಂದುಕೊಳ್ಳಿ. ದೂರದಿಂದ ಹಳೆಯ ತೈಲಚಿತ್ರದ ಗಾಂಭೀರ್ಯ. ಹತ್ತಿರ ಹೋದರೆ ಏನೋ ಹೆಚ್ಚುಕಡಿಮೆ. ಅರಮನೆ ಬಟ್ಟೆಯದು. ಮುಖಗಳು ಇವತ್ತಿನವು. ಕಲಾವಿದೆ ತಮ್ಮ ಗೆಳೆಯರನ್ನೇ ಪಾತ್ರಕ್ಕೆ ನಿಲ್ಲಿಸಿಕೊಂಡಿದ್ದರು. ಶಾಲೆಯ ವಾರ್ಷಿಕೋತ್ಸವದ ನಾಟಕ ನೆನಪಾಗುತ್ತದೆ. ಸಾಮ್ರಾಜ್ಯ ಶುರುವಾದ ಗಳಿಗೆ ಎಂದು ಪಠ್ಯಪುಸ್ತಕ ಹೇಳುವ ದೃಶ್ಯ. ಅದೇ ಇಲ್ಲಿ ಮೀಸೆ ಜಾರೀತೆಂದು ಉಸಿರು ಬಿಗಿಹಿಡಿದು ನಿಂತವರ ದೃಶ್ಯ.

ಆಮೇಲೆ ಪಕ್ಕಕ್ಕೆ ತಿರುಗುತ್ತೀರಿ. ಅಲ್ಲಿ ಆ ಪರದೆಯೇ ಇದೆ. ದರ್ಬಾರಿನ ಸಾಮಾನಿದೆ. ಜನ ಮಾತ್ರ ಇಲ್ಲ. ನಾಟಕ ಮುಗಿದು ಬಣ್ಣ ತೊಳೆದುಕೊಂಡು ಹೋಗಿದ್ದಾರೆ. ಖಾಲಿ ದರ್ಬಾರು. ಡಾಗೆರನ ಚರ್ಚಿನ ಖಾಲಿ ಕುರ್ಚಿ ನೆನಪಾಯಿತೇ? ಅಲ್ಲಿ ಖಾಲಿ ಕುರ್ಚಿಗೆ ಬೆಳಕು ಜನರನ್ನು ತುಂಬಿತು. ಇಲ್ಲಿ ಖಾಲಿ ದರ್ಬಾರಿಗೆ ನಾವೇ ಜನರನ್ನು ತುಂಬಬೇಕು. ಗಾಮನ ಜಾಗದಲ್ಲಿ ಯಾರು? ಅರಸನ ಜಾಗದಲ್ಲಿ ಯಾರು? ಬೋಗುಣಿ ನೋಡಿ ನಕ್ಕ ಅಧಿಕಾರಿ ಎಲ್ಲಿ ನಿಂತಿದ್ದ? ಬಾಗಿಲಲ್ಲಿ ನಿಂತು ಇಣುಕಿದ ಹುಡುಗ ಯಾರು? ಹಬ್ಬದ ಚಿತ್ರ ಕೇಳಗೊಡದ ಪ್ರಶ್ನೆಗಳನ್ನು ಖಾಲಿ ಸೆಟ್ಟು ಕೇಳುತ್ತದೆ.

ಹೆಣ್ಣು ಗಂಡುವೇಷ ಹಾಕುವುದು ನಮಗೆ ಹೊಸದೇನಲ್ಲ. ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಹೆಂಗಸರೇ ನಡೆಸುವ ಕಂಪನಿ. ಅವರ ಕಂಸ, ಅವರ ರಾವಣ, ಅವರ ದುರ್ಯೋಧನ ನೋಡಲು ಜನ ಮುಗಿಬೀಳುತ್ತಿದ್ದರು. ಗದೆ ಹೊತ್ತು ರಂಗಕ್ಕೆ ಬಂದರೆ ಮುಂದಿನ ಸಾಲಿನ ಗಂಡಸರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರಂತೆ. ಪುಷ್ಪಮಾಲಾ ಅವರ ಗಾಮನನ್ನು ನಾನು ಆ ಸಾಲಿನಲ್ಲೇ ಇಟ್ಟು ನೋಡುತ್ತೇನೆ. ವೀರನ ವೇಷವನ್ನು ಹೆಣ್ಣು ತೊಟ್ಟಾಗ ವೀರತನ ಎಂಬುದರಲ್ಲಿ ಎಷ್ಟು ಪಾಲು ದಿರಿಸು, ಎಷ್ಟು ಪಾಲು ನಿಲುವು ಎಂದು ಕಾಣುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಇದೆಲ್ಲ ಅಣಕವೇ? ಹಳೆಯವರನ್ನು ಹಂಗಿಸುವುದೇ ಕಲೆಯೇ?

ನನಗೆ ಹಾಗೆ ಅನ್ನಿಸುವುದಿಲ್ಲ. ಅಣಕ ಮಾಡುವವರು ಇಷ್ಟು ಶ್ರಮ ಪಡುವುದಿಲ್ಲ. ಈ ಫೋಟೋಗಳಲ್ಲಿ ಪರದೆಯನ್ನು ಕೈಯಲ್ಲೇ ಬರೆಯಲಾಗಿದೆ. ಆ ಪರದೆಗಳನ್ನು ನೋಡಿದಾಗ ನನಗೆ ಬೆಂಗಳೂರಿನ ಗಾಂಧಿನಗರ ನೆನಪಾಗುತ್ತದೆ. ಥಿಯೇಟರಿನ ಮುಂದೆ ಆಳೆತ್ತರಕ್ಕೂ ಮೀರಿದ ಕಟೌಟು. ನಾಯಕನ ಕೆನ್ನೆಗೆ ಗುಲಾಬಿ, ನೆರಳಿಗೆ ನೀಲಿ. ಮಂಡ್ಯ, ತುಮಕೂರಿನ ಕಡೆ ನಾಟಕದ ಸೀನರಿ ಬಾಡಿಗೆಗೆ ಕೊಡುವವರ ನೆನಪಾಗುತ್ತದೆ. ದರ್ಬಾರ್ ಸೀನು, ರಸ್ತೆ ಸೀನು, ಕಾಡಿನ ಸೀನು, ಎಲ್ಲವೂ ಬಿದಿರಿಗೆ ಸುತ್ತಿ ಇಟ್ಟದ್ದು. ಒಂದೇ ದರ್ಬಾರು ಸೀನಿನಲ್ಲಿ ಒಂದು ರಾತ್ರಿ ಕೌರವ, ಇನ್ನೊಂದು ರಾತ್ರಿ ಟಿಪ್ಪು. ಫ್ಲೆಕ್ಸ್ ಬಂದ ಮೇಲೆ ಕಟೌಟು ಬರೆಯುವ ಕೈಗಳಿಗೆ ಕೆಲಸ ಹೋಯಿತು. ಆ ಕೈಗಳ ಭಾಷೆಯನ್ನು ಕಲಾಮೇಳದ ಗೋಡೆಗೆ ತಂದು ನಿಲ್ಲಿಸಿದರೆ ಅದಕ್ಕೆ ಅಣಕ ಎನ್ನಲಾದೀತೇ? ಪ್ರೀತಿ ಇಲ್ಲದವರಿಗೆ ಇದು ಆಗದ ಕೆಲಸ.

ಪ್ರೀತಿಯಿಂದಲೇ ನೋಡಬೇಕು. ಆದರೆ ಒಂದೇ ಜಾಗದಲ್ಲಿ ನಿಂತು ನೋಡಬಾರದು. ನನಗೆ ತಿಳಿದಂತೆ ಈ ಕೃತಿಯ ಸಾರ ಇಷ್ಟು.

ಮಾತು ಮುಗಿಸುವ ಹೊತ್ತು. ಒಮ್ಮೆ ಎಣಿಸಿಕೊಳ್ಳೋಣ. ಡಯೊರಾಮಾ ನಮಗೆ ನಿಲ್ಲುವ ಜಾಗ ಕೊಡುತ್ತದೆ, ಅಂಚು ಮುಚ್ಚುತ್ತದೆ. ಡಾಗೆರ್ ಆ ಜಾಗವನ್ನು ಯಂತ್ರಕ್ಕೆ ಕಟ್ಟಿದ. ಲಿಸ್ಬನ್ನಿನ ಚಿತ್ರ ನಮ್ಮನ್ನು ಗಾಮನ ಪಕ್ಕ ನಿಲ್ಲಿಸಿತು. ಚೌಕುಳಿ ಪರದೆ ಅಳೆಯುವವನ ಪಕ್ಕ ನಿಲ್ಲಿಸಿತು. ಪುಷ್ಪಮಾಲಾ ಅದೇ ಪರದೆಗಳನ್ನು ಮತ್ತೆ ಕಟ್ಟಿ, ನಾಲ್ಕು ಹೆಜ್ಜೆ ಪಕ್ಕಕ್ಕೆ ಬನ್ನಿ ಎಂದು ಕರೆದರು.

ಕೊನೆಗೆ ನಮ್ಮ ಮನೆಯ ಆ ಫೋಟೋ. ವಿಮಾನದ್ದು. ಅದರ ಬಗ್ಗೆ ಒಂದು ಮಾತು ಬಾಕಿಯಿದೆ.

ಅವತ್ತು ಗಾಳಿ ಜೋರಿತ್ತು. ಟೆಂಟಿನ ಬಟ್ಟೆ ಪಟಪಟ ಅನ್ನುತ್ತಿತ್ತು. ಹಲಗೆಯ ವಿಮಾನ ತೂಗಾಡುತ್ತಿತ್ತು. ಫೋಟೋದವರ ಜೊತೆ ಒಬ್ಬ ಹುಡುಗನಿದ್ದ. ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು. ಅವನು ಪರದೆಯ ಆಚೆ ಕೂತು ವಿಮಾನದ ಬಾಲವನ್ನು ಒತ್ತಿ ಹಿಡಿದುಕೊಂಡ. ಫೋಟೋ ಬಂತು. ಅಪ್ಪ ಪೈಲಟ್ಟಾಗಿದ್ದರು, ಅಮ್ಮ ನಗುತ್ತಿದ್ದರು, ನಾನು ಗಾಬರಿಯಲ್ಲಿದ್ದೆ. ಮತ್ತು ಎಡಗಡೆಯ ಅಂಚಿನಲ್ಲಿ, ಬಾಲದ ಮೇಲೆ, ನಾಲ್ಕು ಬೆರಳು.

ಫೋಟೋದವರಿಗೆ ನಾಚಿಕೆಯಾಯಿತು. "ಅಂಚು ಕತ್ತರಿಸಿ ಕೊಡ್ತೀನಮ್ಮ, ಗೊತ್ತೇ ಆಗಲ್ಲ" ಅಂದರು. ಅಮ್ಮ ಸ್ವಲ್ಪ ಹೊತ್ತು ನೋಡಿ, "ಬೇಡ ಬಿಡಿ, ಇದ್ರೆ ಇರ್ಲಿ, ಅವನು ಹಿಡ್ಕೊಂಡಿದ್ದಕ್ಕೇ ಅಲ್ವಾ ನಾವು ಬೀಳದೇ ಇದ್ದದ್ದು" ಅಂದರು.

ನಿಮ್ಮ ಮನೆಯಲ್ಲೂ ಹಳೆಯ ಆಲ್ಬಂ ಇದ್ದೀತು. ಬಿಡುವಾದಾಗ ತೆಗೆಯಿರಿ. ನಡುವೆ ಇರುವವರನ್ನು ನೀವು ಬಲ್ಲಿರಿ. ಈ ಸಲ ಅಂಚು ನೋಡಿ.